ಬಸ್ಸಿಗೆ ಸಲಹೆ ಹೇಳಿದ ಮೇಡಂ

ಈ ವರ್ಷ ಜುಲೈ ಕೊನೆಯ ವಾರ, ರಾಯಚೂರಿನ ಒಂದು ಕಾಲೇಜು ತನ್ನ ಕಂಪ್ಯೂಟರ್ ಸೈನ್ಸ್ ವಿಭಾಗದ ಅತಿಥಿ ಉಪನ್ಯಾಸಕಿಯೊಬ್ಬರನ್ನು ಮತ್ತೆ ಕೆಲಸಕ್ಕೆ ಕರೆಯಲಿಲ್ಲ. ಹನ್ನೊಂದು ವರ್ಷ ಪ್ರತಿ ಜುಲೈಯಲ್ಲೂ ಕರೆದಿತ್ತು. ಈ ಸಲ ಯಾಕಿಲ್ಲ ಎಂದು ಯಾರೂ ಅವರಿಗೆ ಹೇಳಲಿಲ್ಲ. ಅತಿಥಿಗಳಿಗೆ ಕಾರಣ ಹೇಳುವ ಪದ್ಧತಿ ಅಲ್ಲಿಲ್ಲ.

ಇಳಕಲ್ ಸೀರೆಯ ಕೆಳಗೆ ಬೂದು ಬಣ್ಣದ ಗಂಡಸರ ಬೂಟು, ಓಟಗಾರರು ಹಾಕುವಂಥದು. ಅವರನ್ನು ಒಮ್ಮೆ ಕಂಡವರಿಗೆ ಮೊದಲು ನೆನಪಾಗುವುದು ಅದೇ. ಮಾನ್ವಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದರು. ನಿಲ್ದಾಣದಿಂದ ಕಾಲೇಜಿಗೆ ನಡಿಗೆ, ಸಂಜೆ ಮತ್ತೆ ನಡಿಗೆ. ಮನೆತನ ಗುಡಿಯ ಅರ್ಚಕರದು. ಮಗಳ ಬೂಟು ನೋಡಿ ತಂದೆ ಗೊಣಗಿದಾಗ, "ಅಪ್ಪಾ, ನಿನ್ನ ದೇವರು ಕೂತಲ್ಲೇ ಕೂತಿರ್ತಾನ. ನನ್ನ ಹುಡುಗರು ಓಡ್ತಾವ" ಎಂದಿದ್ದರಂತೆ. ಅವರ ಬಳಿ ಓದಿದ ನಾವೆಲ್ಲ ಅವರನ್ನು ಬರೀ 'ಮೇಡಂ' ಎನ್ನುತ್ತಿದ್ದೆವು. ಉಳಿದವರನ್ನು ಹೆಸರು ಸೇರಿಸಿ ಕರೆಯುತ್ತಿದ್ದೆವು.

ಆ ಕಾಲೇಜಿನಲ್ಲಿ ಪ್ರತಿ ವಿದ್ಯಾರ್ಥಿಗೂ ಒಬ್ಬ ಮೆಂಟರ್ ಇರಬೇಕು. ಯಾವ ವಿಷಯ ತಗೊಳ್ಳಬೇಕು, ಫೇಲಾದರೆ ಏನು ಮಾಡಬೇಕು, ಮುಂದೆ ಎಲ್ಲಿ ಓದಬೇಕು ಎಂದು ಹೇಳುವುದು ಮೆಂಟರ್ ಕೆಲಸ. ಖಾಯಂ ಅಧ್ಯಾಪಕರಿಗೆ ಮಾತ್ರ ಆ ಹುದ್ದೆ. ಶನಿವಾರ ಒಂದು ತಾಸು ಅದಕ್ಕೆಂದೇ ಮೀಸಲು. ಆ ತಾಸಿನಲ್ಲಿ ನಡೆಯುತ್ತಿದ್ದದ್ದು ಮೆಂಟರ್ ಪುಸ್ತಕದಲ್ಲಿ ಸಹಿ ಮಾಡುವುದಷ್ಟೇ. ನಾನು ಮೂರು ವರ್ಷ ಸಹಿ ಮಾಡಿದ್ದೇನೆ. ನನ್ನ ಮೆಂಟರ್ ನನ್ನ ಮುಖವನ್ನು ಒಮ್ಮೆಯೂ ಸರಿಯಾಗಿ ನೋಡಲಿಲ್ಲ.

ಸಲಹೆ ಸಿಗುತ್ತಿದ್ದದ್ದು ಸಂಜೆಯ ರಸ್ತೆಯಲ್ಲಿ, ಮೇಡಂ ಪಕ್ಕದಲ್ಲಿ ಬಿರುಸಾಗಿ ನಡೆಯಬಲ್ಲವರಿಗೆ. ಡೇಟಾ ಸ್ಟ್ರಕ್ಚರ್ ವಿಷಯದಲ್ಲಿ ಎರಡನೇ ಸಲ ಫೇಲಾಗಿ ಕಾಲೇಜು ಬಿಡುತ್ತೇನೆಂದು ನಾನು ಹೇಳಿದ್ದು ಅಲ್ಲೇ.

"ಬಿಟ್ಟು ಏನ್ ಮಾಡ್ತಿ?"

"ಪೇಪರಿಗೆ ಬರಿತೀನ್ರೀ."

"ಬರಿ. ಬ್ಯಾಡಂದೋರ್ಯಾರು? ಮುಗಿಸಿ ಬರಿ. ಎದುರು ಕೂತೋನು ಸುಳ್ಳು ಲೆಕ್ಕ ಹೇಳಿದಾಗ ಹಿಡಿಯಾಕರ ಬರ್ತದ." ಸ್ವಲ್ಪ ದೂರ ಹೋಗಿ, "ನಾಳಿ ಏಳೂವರಿಗಿ ಬಾ, ಲಿಂಕ್ಡ್ ಲಿಸ್ಟ್ ಪಾಠ ಹೇಳಿಕೊಡ್ತೀನಿ. ನಿದ್ದಿಗಣ್ಣಾಗ ಬಂದ್ರ ಹೊರಗ ಹಾಕ್ತೀನಿ" ಎಂದರು. ನಾನು ಮುಗಿಸಿದೆ. ಹತ್ತಿರ ಹತ್ತಿರ ಎಂಟು ವರ್ಷದಿಂದ ವರದಿಗಾರನಾಗಿದ್ದೇನೆ.

ಕಳೆದ ವರ್ಷದ ಸಂಗತಿ ಹೇಳಬೇಕು. ಗಬ್ಬೂರಿನ ಒಬ್ಬ ಹುಡುಗಿ ಕೊನೆಯ ವರ್ಷದಲ್ಲಿದ್ದಳು. ಹೈದರಾಬಾದಿನಲ್ಲಿ ಎಂ.ಎಸ್ಸಿ. ಓದಬೇಕೆಂದಿದ್ದಳು. ಅಲ್ಲಿಗೆ ಅರ್ಜಿ ಹಾಕಲು ಆಲ್ಗಾರಿದಮ್ ಎಂಬ, ಗಣಿತ ತುಂಬಿದ ಐಚ್ಛಿಕ ವಿಷಯ ಓದಿರಲೇಬೇಕು. ಹತ್ತು ಮಂದಿ ತೆಗೆದುಕೊಳ್ಳದಿದ್ದರೆ ಆ ವಿಷಯ ನಡೆಯುವುದಿಲ್ಲ. ಅದಕ್ಕೆ ಹೆಸರು ಕೊಟ್ಟವಳು ಅವಳೊಬ್ಬಳೇ. ಉಳಿದವರೆಲ್ಲ ವೆಬ್ ವಿನ್ಯಾಸ ಎಂದು ಬರೆದುಕೊಟ್ಟಿದ್ದರು.

ಮೇಡಂ ಕಾರಣ ಹುಡುಕಿದರು. ಗಬ್ಬೂರಿನ ಮೇಲೆ ಹಾಯುವ ದೇವದುರ್ಗದ ಬಸ್ಸಿನಲ್ಲಿ ಬರುವ ಹುಡುಗಿಯರು ಒಟ್ಟಿಗೆ ಬಂದು ಒಟ್ಟಿಗೆ ಹೋಗುತ್ತಾರೆ. ಮನೆಯವರು ಕಳಿಸುವುದೇ ಆ ಷರತ್ತಿನ ಮೇಲೆ. ಹಾಗಾಗಿ ಒಬ್ಬಳು ಯಾವ ವಿಷಯ ಬರೆದಳೋ ಇಡೀ ಬಸ್ಸು ಅದನ್ನೇ ಬರೆಯುತ್ತದೆ. ಒಬ್ಬಳ ತರಗತಿ ತಡವಾದರೆ ಅವಳು ಒಬ್ಬಳೇ ಹೋಗಬೇಕು; ಒಬ್ಬಳೇ ಹೋಗಬೇಕಾದರೆ ಕಾಲೇಜೇ ಬೇಡ. ಇದು ವಿಭಾಗದ ಎಲ್ಲರಿಗೂ ಗೊತ್ತಿತ್ತು. ಯಾರೂ ಇದನ್ನು ತಮ್ಮ ಕೆಲಸ ಎಂದುಕೊಂಡಿರಲಿಲ್ಲ.

"ಒಬ್ಬಾಕಿಗಿ ಹೇಳಿದ್ರ ಉಪಯೋಗಿಲ್ಲ. ಬಸ್ಸಿಗೇ ಹೇಳಬೇಕು" ಎನ್ನುತ್ತಾ ಮೇಡಂ ಆ ಸಂಜೆ ಮಾನ್ವಿ ಬಸ್ ಬಿಟ್ಟು ದೇವದುರ್ಗದ ಬಸ್ ಹತ್ತಿದರು. ವರದಿಯ ಕೆಲಸಕ್ಕೆ ದೇವದುರ್ಗಕ್ಕೆ ಹೊರಟಿದ್ದ ನಾನು ಅದೇ ಬಸ್ಸಿನಲ್ಲಿದ್ದೆ.

"ಮೇಡಂ, ಇದು ಮಾನ್ವಿಗಿ ಹೋಗಂಗಿಲ್ರಿ" ಎಂದ ಕಂಡಕ್ಟರ್.

"ಗೊತ್ತದಪ್ಪ. ಗಬ್ಬೂರಿಗಿ ಒಂದು ಕೊಡು." ಸೀಟು ಖಾಲಿ ಇದ್ದರೂ ಕೂಡಲಿಲ್ಲ. ಕಂಬಿ ಹಿಡಿದು ಹುಡುಗಿಯರ ಕಡೆ ತಿರುಗಿದರು. "ನೀ ಯಾಕ ವೆಬ್ ವಿನ್ಯಾಸ ತಗೊಂಡಿ?"

"ಇಕಿ ತಗೊಂಡಾಳ್ರೀ, ಅದಕ್ಕ."

"ನೀ?"

"ಅಕಿ ತಗೊಂಡಾಳಂತ್ರೀ."

"ಎಲ್ಲಾರಕಿಂತ ಮೊದಲ ತಗೊಂಡಾಕಿ ಯಾರು?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಹಿಂದಿನ ಸೀಟಿನ ಅಜ್ಜಿಯೊಬ್ಬಳು ಎಲೆ ಅಡಿಕೆ ತುಂಬಿದ ಬಾಯಿಂದಲೇ, "ಕುರಿ ಹಿಂಡು ಅದ ನೋಡ ಯವ್ವಾ ಇದು. ಮುಂದಿನ ಕುರಿ ಯಾವುದಂತ ಆ ಕುರಿಗೂ ಗೊತ್ತಿಲ್ಲ" ಎಂದಳು. ಬಸ್ಸು ನಕ್ಕಿತು.

"ಗಣಿತಂದ್ರ ಜ್ವರ ಬರ್ತದ್ರೀ ಮೇಡಂ" ಎಂದಳು ಒಬ್ಬಳು.

"ಬರ್ಲಿ, ಬಂದ ಜ್ವರ ಇಳಿತದ. ಪಾಸು ಮಾಡಸೂದು ನನ್ನ ಹೊಣಿ." ನಗು ನಿಂತ ಮೇಲೆ ಗಬ್ಬೂರಿನ ಹುಡುಗಿಯ ಕಡೆ ಕೈ ತೋರಿಸಿ ಧ್ವನಿ ಇಳಿಸಿದರು. "ಇಕಿ ಮುಂದ ಓದಬೇಕಂದ್ರ ಈ ವಿಷಯ ನಡಿಬೇಕು. ನೀವು ಬರಲಿಲ್ಲಂದ್ರ ನಡಿಯಂಗಿಲ್ಲ. ಕಲಿಯೂ ಆಸಿ ಇದ್ದವ್ರು ಬರ್ರಿ. ಇಕಿ ಮುಖ ನೋಡಿ ಹೂಂ ಅನಬ್ಯಾಡ್ರಿ, ಆಮ್ಯಾಲ ಇಕೀನ ಬೈತೀರಿ."

ಗಬ್ಬೂರು ಬರುವವರೆಗೂ, ಆಲ್ಗಾರಿದಮ್ ಅಂದರೆ ಒಂದು ಕೆಲಸವನ್ನು ಹಂತ ಹಂತವಾಗಿ ಮುಗಿಸುವ ದಾರಿ ಎಂದು ಬಿಡಿಸಿ ಹೇಳಿದರು. ಅಜ್ಜಿಯ ಬುಟ್ಟಿಯಲ್ಲಿದ್ದ ಬದನೆಕಾಯಿಗಳನ್ನು ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿ ತೋರಿಸಿದರು. ಮರುದಿನ ಆ ಬಸ್ಸಿನ ಏಳು ಮಂದಿ ವಿಷಯ ಬದಲಾಯಿಸಿದರು. ಹಿರೇಕೊಟ್ನೆಕಲ್‌ನ ಇಬ್ಬರು ಹುಡುಗರು ಸೇರಿ ಹತ್ತಾಯಿತು.

ವಿಭಾಗದ ಮುಖ್ಯಸ್ಥರು ತರಗತಿಯನ್ನು ಸಂಜೆ ನಾಲ್ಕರಿಂದ ಐದರವರೆಗೆ ಹಾಕಿದರು. ದೇವದುರ್ಗದ ಬಸ್ಸು ನಾಲ್ಕು ನಲವತ್ತಕ್ಕೆ. ಬೆಳಗಿನ ಎರಡು ತಾಸು ಖಾಲಿ ಇದ್ದವು. ಮೇಡಂ ಅದನ್ನು ತೋರಿಸಿದರು.

"ಟೈಮ್‌ಟೇಬಲ್ ಆಗಿ ಹೋಗೇದ. ಬೇಕಾದವ್ರು ಉಳಕೋತಾರ ಬಿಡ್ರಿ."

"ಬೇಕಾದವ್ರಿಗೇ ಬಸ್ ತಪ್ಪತದ ಸರ್."

ಮುಖ್ಯಸ್ಥರು ಫೋನ್ ಕೈಗೆತ್ತಿಕೊಂಡರು. ಮೇಡಂ ಹುಡುಗಿಯರನ್ನು ಕರೆದುಕೊಂಡು ನೇರ ಬಸ್ ನಿಲ್ದಾಣದ ಕಂಟ್ರೋಲರ್ ಮುಂದೆ ನಿಂತರು.

"ಎಂಟು ಮಂದಿ ಸಲುವಾಗಿ ಬಸ್ ನಿಲ್ಲಸ್ಬೇಕಾ?" ಎಂದ ಆತ.

"ಎಂಟು ಮಂದಿ ಸಾಲಿ ಬಿಡಸೂದಕ್ಕಿಂತ ಹಗುರ ಅಲ್ಲೇನು?"

ಆತ ತಲೆ ಕೆರೆದುಕೊಂಡ. "ನನ್ನ ಮಗಳೂ ಹಿಂಗ ಬರ್ತಾಳ್ರೀ ಲಿಂಗಸುಗೂರಿಂದ. ಅರ್ಜಿ ಕೊಡ್ರಿ, ಸಾಹೇಬ್ರಿಗಿ ನಾ ಹೇಳ್ತೀನಿ."

ಎರಡನೇ ವಾರದಿಂದ ಬಸ್ಸು ಐದೂ ಕಾಲಿಗೆ ಹೊರಡತೊಡಗಿತು. ಸರ್ಕಾರಿ ಬಸ್ಸು ಸರಿಯಿತು. ಅದೇ ಊರಿನ ಒಂದು ಕೋಣೆಯ ತರಗತಿ ಬೆಳಗಿನ ಹೊತ್ತಿಗೆ ಸರಿಯಲಿಲ್ಲ. ಸರಿಸಲು ಕಷ್ಟವಿತ್ತೆಂದಲ್ಲ. ಕೇಳಿದವರು ಅತಿಥಿಯಾಗಿದ್ದರು.

ನವೆಂಬರ್‌ನಲ್ಲಿ ಕಾಲೇಜಿಗೆ ಪರಿಶೀಲನಾ ಸಮಿತಿ ಬಂತು. ಅದರ ಹಿಂದಿನ ದಿನ ಮುಖ್ಯಸ್ಥರು ವಿದ್ಯಾರ್ಥಿಗಳನ್ನು ಸಭಾಂಗಣದಲ್ಲಿ ಕೂರಿಸಿ, ಯಾರ ಮೆಂಟರ್ ಯಾರೆಂದು ಓದಿ ಹೇಳಿದರು; ಕೇಳಿದರೆ ಅದೇ ಹೆಸರು ಹೇಳಬೇಕು ಎಂದರು. ಗಬ್ಬೂರಿನ ಹುಡುಗಿಯ ಮೆಂಟರ್ ಆ ಮುಖ್ಯಸ್ಥರೇ.

ಸಮಿತಿಯವರು ಅವಳನ್ನು ಕೇಳಿದ್ದು ಹೆಸರಲ್ಲ. ಈ ವಿಷಯ ತಗೋ ಎಂದು ಸಲಹೆ ಕೊಟ್ಟವರು ಯಾರು ಎಂದು ಕೇಳಿದರು.

"ಮೇಡಂ ರೀ."

"ಅವರು ನಿಮ್ಮ ಮೆಂಟರಾ?"

"ಅಲ್ರೀ. ಮೆಂಟರ್ ಸರ್ ಜೊತಿ ನಾ ಒಮ್ಮಿನೂ ಮಾತಾಡಿಲ್ಲ."

ಮುಖ್ಯಸ್ಥರು ಅದೇ ಕೋಣೆಯಲ್ಲಿದ್ದರು. ಸಂಜೆ ಅವರು ಮೇಡಂರನ್ನು ಕರೆಸಿ, "ಹುಡುಗ್ಯಾರಿಗಿ ಹೇಳಿಕೊಟ್ಟೀರಿ" ಎಂದರು. "ಹೇಳಿಕೊಟ್ಟವ್ರು ನೀವು ಸರ್. ಆಕಿ ಮರ್ತಾಳ" ಎಂದರು ಮೇಡಂ. ಇದನ್ನು ನನಗೆ ಹೇಳಿದ್ದು ಆಗ ಬಾಗಿಲಲ್ಲಿ ನಿಂತಿದ್ದ ಇನ್ನೊಬ್ಬ ಅಧ್ಯಾಪಕರು. ನಗುತ್ತಾ ಹೇಳಿದರು. ಅಲ್ಲಿ ನಿಂತಾಗ ಅವರು ಒಂದು ಮಾತೂ ಆಡಿರಲಿಲ್ಲ.

ತನ್ನಿಂದ ಹೀಗಾಯಿತೆಂದು ಹುಡುಗಿ ಅತ್ತಳು. ಮೇಡಂ ಬೂಟಿನ ದಾರ ಕಟ್ಟಿಕೊಳ್ಳುತ್ತಾ ಹೇಳಿದರು: "ಅವರು ಕೇಳಿದ್ದು ಪ್ರಶ್ನಿ, ನೀ ಹೇಳಿದ್ದು ಉತ್ತರ. ಪರೀಕ್ಷಾದಾಗೂ ಹಿಂಗೇ ಬರಿ. ಏಳು, ಬಸ್ಸಿಗಿ ಹೊತ್ತಾತು."

ಹತ್ತು ಮಂದಿಯೂ ಆ ವಿಷಯದಲ್ಲಿ ಪಾಸಾದರು. ಜುಲೈಯಲ್ಲಿ ಮೇಡಂಗೆ ಕರೆ ಬರಲಿಲ್ಲ.

ನಾನು ಮುಖ್ಯಸ್ಥರನ್ನು ಭೇಟಿಯಾಗಿ ಕಾರಣ ಕೇಳಿದೆ. "ವರ್ಕ್‌ಲೋಡ್ ಕಡಿಮಿ ಆಗೇದ್ರಿ" ಎಂದರು. ಮೇಡಂ ಹನ್ನೊಂದು ವರ್ಷ ಮಾಡಿದ ಸಲಹೆಯ ಕೆಲಸದ ಬಗ್ಗೆ ಕೇಳಿದೆ. "ಅದು ವರ್ಕ್‌ಲೋಡಿನ್ಯಾಗ ಬರಂಗಿಲ್ಲ." ನಿಯಮ ಹಾಗೇ ಇದೆ, ನೋಡಿ ಖಚಿತಪಡಿಸಿಕೊಂಡಿದ್ದೇನೆ. ಕಲಿಸಿದ ತಾಸು ಲೆಕ್ಕಕ್ಕುಂಟು. ಒಬ್ಬ ಹುಡುಗಿ ಕಾಲೇಜು ಬಿಡದಂತೆ ನೋಡಿಕೊಂಡ ಸಂಜೆಗಳು ಲೆಕ್ಕಕ್ಕಿಲ್ಲ. ಈ ನಿಯಮ ಬರೆದವರು, ಇದರ ಹಿಂದೆ ಅಡಗಿ ಕೂತವರು, ಬಾಗಿಲಲ್ಲಿ ಸುಮ್ಮನೆ ನಿಂತವರು, ಎಲ್ಲರೂ ಓದಿದವರು.

ಆಗಸ್ಟ್‌ನಲ್ಲಿ ಗಬ್ಬೂರಿನ ಹುಡುಗಿಗೆ ಹೈದರಾಬಾದಿನಲ್ಲಿ ಸೀಟು ಸಿಕ್ಕಿತು. ಕಾಲೇಜಿನ ಗೇಟಿಗೆ ಅವಳ ಫೋಟೋ ಹಾಕಿ ಫ್ಲೆಕ್ಸ್ ಕಟ್ಟಿದರು. ಅದರಲ್ಲಿ ಇನ್ನೊಂದು ಫೋಟೋ ಇದೆ. ಕೆಳಗೆ 'ಮಾರ್ಗದರ್ಶಕರು' ಎಂದು ಬರೆದಿದೆ. ಅದು ಮುಖ್ಯಸ್ಥರದು.

ಮೇಡಂ ಈಗ ಶಕ್ತಿನಗರದ ಒಂದು ಖಾಸಗಿ ಶಾಲೆಯಲ್ಲಿ ಎಂಟನೇ ತರಗತಿಗೆ ಕಂಪ್ಯೂಟರ್ ಕಲಿಸುತ್ತಾರೆ. ಈ ವರ್ಷ ಕಾಲೇಜಿನಲ್ಲಿ ಆಲ್ಗಾರಿದಮ್ ವಿಷಯಕ್ಕೆ ಮೂವರು ಹುಡುಗಿಯರು ಹೆಸರು ಕೊಟ್ಟಿದ್ದರು. ಮೂವರನ್ನೂ ವೆಬ್ ವಿನ್ಯಾಸಕ್ಕೆ ಸೇರಿಸಲಾಗಿದೆ.