ಕಂಬಳಿ ಹೊದ್ದ ಪಂಜರ

ನಮ್ಮ ಗಿಣಿ ಸಿಟ್ಟು ಬಂದರೆ ಯಾರನ್ನೂ ಕುಕ್ಕುತ್ತಿರಲಿಲ್ಲ, ತನ್ನ ಪುಕ್ಕವನ್ನೇ ಕಿತ್ತುಕೊಳ್ಳುತ್ತಿತ್ತು. ನಮ್ಮ ಹೆಂಗಸರ ಬುದ್ಧಿ ಇದಕ್ಕೂ ಬಂತಲ್ಲ ಎಂದು ಮೊದಮೊದಲು ನನಗೆ ನಗು. ಎದೆಯೆಲ್ಲ ಬೋಳಾಗಿ ಚರ್ಮ ಕೆಂಪಗೆ ಕಂಡ ದಿನ ನಗು ನಿಂತಿತು. ಮಕ್ಕಳಿಲ್ಲದ ಮನೆಗೆ ಒಂದು ಮಾತಾದರೂ ಇರಲಿ ಎಂದು ನನ್ನ ತಮ್ಮ ಬೂದಿಕೋಟೆಯಿಂದ ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ತಂದ ಗಿಣಿ ಅದು. ಇದೂ ಹೋದರೆ ಏನು ಗತಿ ಎಂದು ಅನ್ನ ಸೇರಲಿಲ್ಲ.

ಆಗ ನಾವಿದ್ದದ್ದು ಮೈಸೂರು ಮೈನ್ಸ್ ಎಂಬ ಚಿನ್ನದ ಗಣಿಯ ಹತ್ತಿರ, ಕೆಲಸಗಾರರ ಲೈನುಮನೆಯಲ್ಲಿ. ನಮ್ಮ ಸಾಲಿಗಿನ್ನೂ ರೇಡಿಯೋ ಬಂದಿರಲಿಲ್ಲ. ತಟ್ಟಿ ಗೋಡೆ, ಪಕ್ಕದ ಮನೆಯ ಕುಪ್ಪಮ್ಮ ಒಗ್ಗರಣೆ ಹಾಕಿದರೆ ನಾವು ಸೀನುತ್ತಿದ್ದೆವು. ಗಿಣಿಗೆ ದೃಷ್ಟಿಯಾಗಿದೆ ಎಂದು ಅವಳೇ ಉಪ್ಪು ಮೆಣಸಿನಕಾಯಿ ನಿವಾಳಿಸಿದಳು. ಸುತ್ತು ಮುಗಿಯುವ ಮೊದಲೇ ಗಿಣಿ ಕತ್ತು ಚಾಚಿ ಮೆಣಸಿನಕಾಯಿ ಕಸಿದು ತಿಂದಿತು. ದೃಷ್ಟಿಯನ್ನೇ ನುಂಗಿದ ಪ್ರಾಣಿಗೆ ಇನ್ನೇನು ಮದ್ದು? ದಿಗಂಬರರಾಗಿ ತಿರುಗಿದ ಋಷಿಗಳ ವಿಷಯ ಹರಿಕಥೆಯಲ್ಲಿ ಕೇಳಿದ್ದೆ. ಇದಕ್ಕೂ ವೈರಾಗ್ಯ ಬಂದಿರಬೇಕೆಂದು ಸಮಾಧಾನ ಹೇಳಿಕೊಂಡೆ. ಆದರೂ ಇರಲಿ ಎಂದು ಆಂಜನೇಯನಿಗೆ ಶನಿವಾರದ ಒಪ್ಪೊತ್ತು ಹಿಡಿದೆ.

ಆ ವಾರ ಪುಕ್ಕ ಬೀಳಲಿಲ್ಲ. ಸ್ವಾಮಿಯ ಮಹಿಮೆಯನ್ನು ಸಾಲಿಗೆಲ್ಲ ಸಾರಿ ಬಂದೆ. ಮುಂದೆ ಒಂದು ವಾರ ಪೊರಕೆ ತುಂಬ ಮತ್ತೆ ಹಸಿರು, ಆಮೇಲೆ ಮತ್ತೆ ಇಲ್ಲ. ದೇವರಿಗೂ ಶಿಫ್ಟು ಹಾಕಿದ್ದಾರೇನೋ ಅಂದುಕೊಳ್ಳುತ್ತಿರುವಾಗಲೇ ಕಣ್ಣು ಪಂಜರದ ಪಕ್ಕ ಮಡಚಿಟ್ಟ ಕಂಬಳಿಯ ಮೇಲೆ ಬಿತ್ತು.

ಶಿಫ್ಟು ಇದ್ದದ್ದು ನಮ್ಮ ಮನೆಯವರಿಗೆ. ರಾತ್ರಿ ಗಣಿಗಿಳಿಯುವ ವಾರ ಅವರು ಹಗಲು ಮಲಗಬೇಕು. ಗಂಡಸು ಮಲಗಿದ ಮನೆಯಲ್ಲಿ ನಮ್ಮ ಸಾಲಿನ ಹೆಂಗಸರು ಒರಳು ಮುಟ್ಟುತ್ತಿರಲಿಲ್ಲ. ಬಳೆಯನ್ನು ಮೊಣಕೈಗೆ ಸರಿಸಿಕೊಂಡು ಪಾತ್ರೆ ತೊಳೆಯುತ್ತಿದ್ದರು. ನಿದ್ದೆಗೆಟ್ಟು ಕೆಳಗಿಳಿದವನ ಕೈ ತಪ್ಪಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು. ಗಿಣಿ ಕೂಗದಿರಲಿ ಎಂದು ಆ ವಾರವೆಲ್ಲ ಹಗಲು ನಾನು ಕಂಬಳಿ ಹೊದಿಸುತ್ತಿದ್ದೆ. ಪುಕ್ಕ ಉದುರುತ್ತಿದ್ದದ್ದೂ ಆ ವಾರಗಳಲ್ಲೇ. ಈಗ ತೆಗೆದರೆ ಅವರ ನಿದ್ದೆ ಹೋಗುತ್ತದೆ, ಹೊದಿಸಿದರೆ ಇದರ ಪುಕ್ಕ.

ಹಿಂಜರಿಯುತ್ತಲೇ ಅವರಿಗೆ ಹೇಳಿದೆ. ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿ ಗಿಣಿಯ ಬೋಳೆದೆಯನ್ನೇ ನೋಡಿದರು.

"ಕತ್ಲಾಗೆ ಇರಾಕೆ ನಂಗಾದ್ರೆ ಸಂಬ್ಳ ಕೊಡ್ತಾರೆ. ಅದಕ್ಕೇನ್ ಕೊಡ್ತೀಯೆ ನೀನು? ತಗ್ದು ಆಚೆ ನೇತಾಕು."

ಪಂಜರ ಬಾಗಿಲಾಚೆಯ ಹೊಂಗೆ ಮರಕ್ಕೆ ಹೋಯಿತು. ಬೆಕ್ಕು ಬಾರದಂತೆ ಕಾಯುವ ನೆಪದಲ್ಲಿ ಕುಪ್ಪಮ್ಮ ಅದಕ್ಕೆ ತಮಿಳು ಕಲಿಸಿದಳು. ನಾನು ರಾಮ ರಾಮ ಕಲಿಸಿದೆ. ಇವರು ಕಿವಿಗೆ ಹತ್ತಿ ಇಟ್ಟು ಟವಲು ಸುತ್ತಿ ಮಲಗಿದರು. ಇಬ್ಬರನ್ನೂ ಕಾಪಾಡಪ್ಪಾ ಎಂದು ನಾನು ದೇವರ ಮುಂದೆ ಕೂತಿದ್ದೆ. ನಿಧಾನಕ್ಕೆ ಗಿಣಿಯ ಎದೆಯಲ್ಲಿ ಮುಳ್ಳಿನಂಥ ಎಳೆಪುಕ್ಕ ಮೂಡಿತು. ಇವರಿಗೂ ಸದ್ದು ಒಗ್ಗಿ ಹತ್ತಿ ಬೇಡವಾಯಿತು.

ಒಂದು ಮಧ್ಯಾಹ್ನ ಗೊರಕೆ ನಿಂತು ಇವರು ದಡಕ್ಕನೆ ಎದ್ದು ಕೂತರು. ಗಿಣಿ ಯಾಕೆ ಸುಮ್ಮನಾಯಿತು ಎಂದು ಗಾಬರಿ. ಹೋಗಿ ನೋಡಿದರೆ ಅದು ಒಂಟಿ ಕಾಲಲ್ಲಿ ನಿಂತು, ಬೆನ್ನಿನ ಪುಕ್ಕದಲ್ಲಿ ಕೊಕ್ಕು ಹುದುಗಿಸಿತ್ತು. ಮಲಗಿದೆ, ಮೆಲ್ಲಗೆ ಮಾತಾಡಿ ಎಂದೆ.

ಶನಿವಾರದ ಒಪ್ಪೊತ್ತನ್ನು ನಾನು ಬಿಟ್ಟಿಲ್ಲ. ಕಂಬಳಿಯ ಕಡೆಗೆ ನನ್ನ ಕಣ್ಣು ತಿರುಗಿಸಿದವರು ಯಾರು ಅಂತೀರಿ?