ರೈಟರ ಮನೆಯ ಡೆಮೊ

ಆ ರೈಟರ ಮೊಣಕಾಲಿನಿಂದ ಕೆಳಗೆ ರಕ್ತ ಹೀರುವ ಇಂಬಳ ಕಚ್ಚಿದ ಕಲೆ ಇಲ್ಲದ ಜಾಗವೇ ಇರಲಿಲ್ಲ. ಮೂವತ್ತು ವರ್ಷ ಕಾಫಿ ತೋಟದಲ್ಲಿ ಆಳುಗಳ ಹಾಜರಿ ಬರೆಯುತ್ತ ತಿರುಗಿದ ಕಾಲುಗಳವು. ಸಕಲೇಶಪುರದ ನನ್ನ ಅಂಗಡಿಗೆ ಬಂದರೆ ಬಾಗಿಲಲ್ಲೇ ಚಪ್ಪಲಿ ಬಿಟ್ಟು, ಎತ್ತಿ ಕಟ್ಟಿದ ಪಂಚೆ ಇಳಿಸಿಕೊಂಡು ಒಳಗೆ ಬರುತ್ತಿದ್ದರು.

“ಇದೇನ್ ದೇವಸ್ಥಾನವಾ ರೈಟ್ರೇ?” ಎಂದರೆ, “ಹೊಸಾ ಸಾಮಾನು ಇಟ್ಟಿದ್ದೀಯ ಮಾರಾಯ, ಕೆಸ್ರು ಕಾಲಲ್ಲಿ ಬರಾಕಾಗ್ತದಾ?” ಎನ್ನುವರು.

ತೊಂಬತ್ತರ ದಶಕದ ನಡುವೆ ಕಾಫಿಗೆ ಬೆಲೆ ಬಂದು, ಊರಿಗೆ ಊರೇ ಕೊಳ್ಳುವ ಹುಚ್ಚು ಹಿಡಿಸಿಕೊಂಡಿತ್ತು. ಮಿಕ್ಸಿ, ಟಿ.ವಿ. ಮಾರುತ್ತಿದ್ದ ನನಗಂತೂ ಸುಗ್ಗಿ. ಮಾತಿನಲ್ಲೇ ಮರುಳು ಮಾಡಿ, ಬೇಡದವರ ತಲೆಗೂ ಏನಾದರೊಂದು ಕಟ್ಟುತ್ತಿದ್ದೆ. ಸಕಲೇಶಪುರದ ಚಳಿಯಲ್ಲಿ ಫ್ಯಾನು ಮಾರಿದ ಭೂಪ ನಾನು!

ಸಾಮಾನು ಕೊಂಡವರ ಮನೆಗೆ ನಾನೇ ಹೋಗಿ, ಬಾಕ್ಸು ಬಿಚ್ಚಿ, ನಡೆಸುವುದು ಹೇಗೆಂದು ತೋರಿಸಿಕೊಡುವ ಪದ್ಧತಿಯಿತ್ತು. ಅದಕ್ಕೆ ಡೆಮೊ ಎನ್ನುತ್ತಿದ್ದೆವು. ರೈಟರು ಮೊದಲ ಸಲ ಮಿಕ್ಸಿ ಕೊಂಡಾಗ ದೋಣಿಗಲ್ ಕಡೆಯ ಎಸ್ಟೇಟಿನಲ್ಲಿದ್ದ ಅವರ ಮನೆಗೆ ಹೋದೆ. ಹೆಂಡತಿ ತೀರಿಕೊಂಡು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅಕ್ಕಿ ರೊಟ್ಟಿ, ಕಳಲೆ ಪಲ್ಯ ಮಾಡಿಕೊಂಡು ಕಾಯುತ್ತಿದ್ದರು. ಚಟ್ನಿ ಅರೆದು ತೋರಿಸಿದೆ.

“ಇನ್ನೊಂದ್ಸಲ ತೋರ್ಸೋ. ಆ ಗುಂಡಿ ಯಾವ ಕಡೆ ತಿರುಗಿಸ್ಬೇಕಂದೆ?”

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರನ್ನೇ ಬಿಚ್ಚಿ ಜೋಡಿಸುವ ಮನುಷ್ಯನಿಗೆ ಮಿಕ್ಸಿ ಗುಂಡಿ ತಿಳಿಯದೇ? ನನಗೆ ನಗು ಬಂತು. ಆಮೇಲೆ ಹೆಂಡತಿಯ ವಿಷಯ ತೆಗೆದರು. ಅವಳಿಗೆ ಹುಳಿ ಆಗುತ್ತಿರಲಿಲ್ಲ, ರೈಲಿನ ಸದ್ದು ಕೇಳಿದರೆ ಅಂಗಳಕ್ಕೆ ಓಡುತ್ತಿದ್ದಳು, ಹೀಗೇ ಏನೇನೋ. ಮಧ್ಯಾಹ್ನದವರೆಗೂ ಕೇಳಿ, ಹೊಟ್ಟೆ ತುಂಬ ಉಂಡು ಬಂದೆ.

ಆಮೇಲೆ ಇಸ್ತ್ರಿ ಪೆಟ್ಟಿಗೆ ಕೊಂಡರು. ಆಮೇಲೆ ಗ್ರೈಂಡರ್, ಟೇಪ್ ರೆಕಾರ್ಡರ್, ಕೊನೆಗೆ ಫ್ಯಾನು. ಒಂದು ಸಲವೂ ಚೌಕಾಸಿ ಮಾಡಲಿಲ್ಲ. ಕೇಳುತ್ತಿದ್ದದ್ದು ಒಂದೇ ಮಾತು: “ಡೆಮೊಗೆ ನೀನೇ ಬರ್ತೀಯ ತಾನೆ?”

“ಭಾನುವಾರ ಬಂದೇ ಬರ್ತೀನಿ ರೈಟ್ರೇ” ಎನ್ನುತ್ತಿದ್ದೆ. ವ್ಯಾಪಾರ ಹೆಚ್ಚಿತ್ತು, ಹೋಗುತ್ತಿರಲಿಲ್ಲ. ಮುಂದಿನ ಸಲ ಬಂದಾಗ ತಪ್ಪು ತಮ್ಮದೇ ಎನ್ನುವಂತೆ, “ನಿಂಗೂ ಕೆಲ್ಸ ಐತೆ ಬಿಡು ಮಾರಾಯ. ಇನ್ನೇನಾರ ಹೊಸದು ಬಂದೈತಾ?” ಎಂದು ಕೇಳುತ್ತಿದ್ದರು.

ಅವರಿಗೆ ಬೇಕಿದ್ದದ್ದು ಸಾಮಾನಲ್ಲ ಎಂದು ನನಗೆ ತಿಳಿಯಲಿಲ್ಲವೆಂದರೆ ಅದು ಸುಳ್ಳು. ತಿಳಿದಿತ್ತು. ತಿಳಿದೂ ತಿಳಿದೂ ಇನ್ನೊಂದನ್ನು ಕಪಾಟಿನಿಂದ ಇಳಿಸುತ್ತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು ಬೆಂಕಿ ಹಾಕ.

ಒಂದು ಆಷಾಢದಲ್ಲಿ ಜ್ವರ ಬಂದು ಮೂರೇ ದಿನಕ್ಕೆ ರೈಟರು ಹೋಗಿಬಿಟ್ಟರು. ತಿಥಿ ಕಳೆದ ಮೇಲೆ, ಆಲೂರಿನಲ್ಲಿದ್ದ ಅವರ ತಂಗಿ ಹೇಳಿಕಳಿಸಿದರು. ಹೋದರೆ, ರೈಟರ ನಡುಮನೆಯ ಗೋಡೆಗೆ ನಾನು ಮಾರಿದ ಬಾಕ್ಸುಗಳು ಒಂದರ ಮೇಲೊಂದು. ಮಿಕ್ಸಿಯೊಂದು ಬಿಟ್ಟು ಯಾವುದರ ಟೇಪೂ ಕಿತ್ತಿರಲಿಲ್ಲ.

“ಯಾಕಮ್ಮ, ಬಿಚ್ಚೇ ಇಲ್ಲ?”

“ಬಿಚ್ಚಾಕೆ ಹೋದ್ರೆ ಬೈಯೋನು ಕಣಪ್ಪ ನಮ್ಮಣ್ಣ. ಅಂಗಡಿಯೋನು ಬರ್ತೀನಿ ಅಂದವ್ನೆ, ಅವ್ನೇ ಬಂದು ಬಿಚ್ಲಿ ಅನ್ನೋನು. ಭಾನುವಾರ ಆದ್ರೆ ಎಲ್ಲಿಗ್ ಕರುದ್ರೂ ಬರ್ತಿರ್ನಿಲ್ಲ.” ಆಕೆ ಕಣ್ಣೊರೆಸಿಕೊಂಡರು. “ನಮಗ್ಯಾಕೆ ಇವೆಲ್ಲ? ನೀನೇ ತಗೊಂಡು ಹೋಗ್ಬುಡು.”

ಬೇಡ ಎನ್ನಬಹುದಿತ್ತು. ತೋಟದ ಲೈನು ಮನೆಗಳಲ್ಲಿದ್ದ ಆಳುಗಳಿಗೆ ಹಂಚಿ ಎನ್ನಬಹುದಿತ್ತು. ನಾನು ಬಿಚ್ಚದ ಬಾಕ್ಸುಗಳನ್ನೆಲ್ಲ ಜೀಪಿಗೆ ಹೇರಿಕೊಂಡು ಬಂದೆ. ಧೂಳು ಒರೆಸಿ ಕಪಾಟಿಗೇರಿಸಿದೆ. ಗೌರಿಹಬ್ಬದ ಹೊತ್ತಿಗೆ ಹೊಸವೆಂದೇ ಎಲ್ಲವೂ ಖರ್ಚಾದವು.

ಕೊಂಡವರ ಮನೆಗಳಿಗೆ ಮಾತ್ರ ಒಂದನ್ನೂ ತಪ್ಪಿಸದೆ ಹೋದೆ. ರೈಟರ ಮುಂದೆ ಕೂತು ಬಿಚ್ಚಬೇಕಿದ್ದ ಬಾಕ್ಸುಗಳನ್ನು ಇನ್ಯಾರದೋ ಮನೆಯಲ್ಲಿ ನನ್ನ ಕೈಯಾರೆ ಬಿಚ್ಚಿ ಬಂದೆ.