ಬಿಳಿ ಕಾರು ಮಾರಿದ ದಿನ

ನಮ್ಮ ಮನೆಯ ಹೆಣ್ಣುಮಗಳು ಕಾಲೇಜಿನ ಮೆಟ್ಟಿಲು ಹತ್ತುವುದು ಆಗದ ಮಾತು ಎಂದು ಹೇಳಿದವರು ನಮ್ಮ ದೊಡ್ಡಪ್ಪ. ಕೋಪದಿಂದ ಹೇಳಿದ್ದಲ್ಲ. ಎಲೆಗೆ ಸುಣ್ಣ ಸವರುತ್ತಾ, ಈ ವರ್ಷ ಮಾವು ಕಡಿಮೆ ಅನ್ನುವ ಹಾಗೆ ಹೇಳಿಬಿಟ್ಟರು. ನಾನಾಗ ನಿಮ್ಮಷ್ಟೇ ಚಿಕ್ಕವಳು ಮಕ್ಕಳೇ. ಅವರು ಹೇಳಿದ್ದು ನನ್ನ ಬಗ್ಗೆ ಅಲ್ಲ, ಅಕ್ಕನ ಬಗ್ಗೆ. ಅಕ್ಕ ಅಂದರೆ ಈಗ ನಿಮ್ಮ ಅಜ್ಜಿ. ಅವಳು ಆ ಬೇಸಿಗೆಯಲ್ಲಿ ಹತ್ತನೇ ತರಗತಿ ಪಾಸಾಗಿದ್ದಳು. ನಮ್ಮ ಮನೆತನದಲ್ಲಿ ಅಷ್ಟು ಓದಿದವರು ಗಂಡಸರಲ್ಲೂ ಇರಲಿಲ್ಲ. ದೊಡ್ಡಪ್ಪನ ಮಾತಿಗೆ ಅಪ್ಪ ತಲೆ ಎತ್ತದೆ ಹೇಳಿದ್ದರು, "ಗಾಡಿ ಓಡಿದ್ರೆ ಅವ್ಳೂ ಓದ್ತಾಳೆ, ಬಿಡಣ್ಣ."

ಗಾಡಿ ಅಂದರೆ ನಮ್ಮ ಬಾಡಿಗೆ ಕಾರು. ದುಂಡು ಬೆನ್ನಿನ ಬಿಳಿ ಕಾರು, ಶಿರಾಳಕೊಪ್ಪದ ಬಸ್ ಸ್ಟ್ಯಾಂಡ್ ಎದುರಿನ ಬೇವಿನ ಮರದ ಕೆಳಗೆ ನಿಲ್ಲುತ್ತಿತ್ತು. ನಮ್ಮದು ಎತ್ತಿನ ವ್ಯಾಪಾರದ ಮನೆ. ಅಪ್ಪ, ದೊಡ್ಡಪ್ಪ ಇಬ್ಬರೂ ದನದ ಸಂತೆಯಲ್ಲೇ ಬೆಳೆದವರು. ಅಪ್ಪ ಕಡೆಯ ಜೋಡಿ ಎತ್ತು ಮಾರಿ ಈ ಕಾರು ತಂದಿದ್ದರು. ಆದರೆ ಕೈ ಮಾತ್ರ ಎತ್ತಿನ ಕೈಯಾಗಿಯೇ ಉಳಿದಿತ್ತು. ಬೆಳಿಗ್ಗೆ ಎದ್ದವರು ಮೊದಲು ಬಾನೆಟ್ ತಟ್ಟುತ್ತಿದ್ದರು. ಗಾಡಿ ಕೆಮ್ಮಿದರೆ ಮುಖ ಸಣ್ಣದು ಮಾಡಿಕೊಳ್ಳುತ್ತಿದ್ದರು.

ಆಯುಧ ಪೂಜೆಗೆ ಎತ್ತಿನ ಕೊಂಬಿಗೆ ಬಣ್ಣ ಹಚ್ಚುತ್ತಿದ್ದ ಹಾಗೆ, ಆ ಬೇಸಿಗೆಗೆ ಮುಂಚಿನ ಹಬ್ಬದಲ್ಲಿ ಅಪ್ಪ ಕಾರಿಗೂ ಹಚ್ಚಿದ್ದರು. ಹೊರಗೆ ಬಿಳಿ. ಬಾನೆಟ್ ಎತ್ತಿ, ಒಳಗಿನ ತಗಡಿಗೆಲ್ಲ ಮಿರಮಿರ ಮಿಂಚುವ ಕಪ್ಪು. ಎಲ್ಲೂ ಬಿಡಬಾರದೆಂದು ಅಡ್ಡ ಬಂದ ಬೋಲ್ಟುಗಳನ್ನು ಬಿಚ್ಚಿ, ಕೆಳಗೂ ಬಳಿದು, ಮತ್ತೆ ಬಿಗಿದರು. ಬಣ್ಣದ ವಾಸನೆ, ಚೆಂಡುಹೂವಿನ ವಾಸನೆ, ಒಡೆದ ಬೂದುಗುಂಬಳಕಾಯಿಯ ವಾಸನೆ ಎಲ್ಲ ಸೇರಿ ಅಂಗಳ ತುಂಬಿತ್ತು. ಅಷ್ಟು ಚಂದದ ಕಾರು ಆ ಬೀದಿಯಲ್ಲಿ ಇನ್ನೊಂದಿರಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಕಾರು ಸ್ಟಾರ್ಟ್ ಆಗುವುದನ್ನು ನಿಲ್ಲಿಸಿತು. ಕೀಲಿ ತಿರುಗಿಸಿದರೆ ಒಳಗೆಲ್ಲೋ 'ಟಕ್' ಅನ್ನುವುದು, ಆಮೇಲೆ ಸದ್ದಿಲ್ಲ. ತಳ್ಳಿದರೆ ಹತ್ತುತ್ತಿತ್ತು. ಆದರೆ ಬಾಡಿಗೆಗೆ ಬಂದವರು ಎಷ್ಟು ದಿನ ತಳ್ಳಿಯಾರು? ಚಂದ್ರಗುತ್ತಿಗೆ ಹೊರಟ ಒಂದು ಕುಟುಂಬ ರೇಷ್ಮೆ ಸೀರೆಯಲ್ಲೇ ತಳ್ಳಿತು. "ತಳ್ಳಿದ್ದು ನಾವು, ಬಾಡಿಗೆ ನಮ್ಗೇ ಕೊಡ್ರಿ" ಎಂದು ಅವರ ಯಜಮಾನರು ನಕ್ಕರು. ಅಪ್ಪನೂ ನಕ್ಕರು. ಆ ಕುಟುಂಬ ಮತ್ತೆ ಬರಲಿಲ್ಲ.

ಎತ್ತು ಮಂಕಾದರೆ ನಮ್ಮವರು ಹಿಂಡಿ ಬದಲಿಸುತ್ತಿದ್ದರು, ಲಾಳ ಬದಲಿಸುತ್ತಿದ್ದರು. ಅಪ್ಪ ಕಾರಿಗೂ ಅದನ್ನೇ ಮಾಡಿದರು. ಯಾರೋ ಬ್ಯಾಟರಿ ಎಂದರು, ಹೊಸ ಬ್ಯಾಟರಿ ಬಂತು. 'ಟಕ್.' ಇನ್ನೊಬ್ಬರು ಸ್ಟಾರ್ಟರ್ ಮೋಟಾರು ಎಂದರು. ಅಪ್ಪ ಶಿಕಾರಿಪುರಕ್ಕೆ ಹೋಗಿ ಅದನ್ನೂ ಹಾಕಿಸಿಕೊಂಡು ಬಂದರು. 'ಟಕ್.' ಒಂದೊಂದು ಸಾಮಾನು ಬಂದಾಗಲೂ ಮನೆಯಿಂದ ಒಂದೊಂದು ಹೋಯಿತು. ಕಡೆಗೆ ಹೋದದ್ದು ಅಮ್ಮನ ಕಿವಿಯ ಓಲೆ. ಅದಾದ ಮೇಲೆ ಅಪ್ಪ ಬಾನೆಟ್ ತಟ್ಟುವುದನ್ನು ಬಿಟ್ಟುಬಿಟ್ಟರು.

ಕಾಲೇಜಿಗೆ ಅರ್ಜಿ ಹಾಕುವ ದಿನಗಳು ಹತ್ತಿರ ಬಂದಾಗ ಸೊರಬದಿಂದ ಒಬ್ಬ ಮೇಸ್ತ್ರಿ ಬಂದರು. ಹಳೆ ಗಾಡಿ ಕೊಂಡು, ಬಿಚ್ಚಿ, ಬಿಡಿಭಾಗ ಮಾರುವ ಸಾಬರು. ಬಿಳಿ ಗಡ್ಡ, ಅಂಗಿಯ ಜೇಬಿನಲ್ಲಿ ಸ್ಕ್ರೂಡ್ರೈವರ್. ಎಂಜಿನ್ನೇ ಸತ್ತಿದೆ ಎಂದು ಅಪ್ಪ ತಾವಾಗಿ ಹೇಳಿದರು. ಸುಳ್ಳು ಹೇಳಿ ಮಾರುವ ಪೈಕಿ ಅಲ್ಲ ಅವರು. ದನದ ಸಂತೆಯ ಹಾಗೆಯೇ ವ್ಯಾಪಾರ ನಡೆಯಿತು. ಬೆಲೆಯನ್ನು ಬಾಯಲ್ಲಿ ಆಡದೆ ಟವೆಲ್ ಮರೆಯಲ್ಲಿ ಇಬ್ಬರೂ ಬೆರಳು ಹಿಡಿದರು, ಬಿಟ್ಟರು, ಮತ್ತೆ ಹಿಡಿದರು. ಎಷ್ಟಕ್ಕೆ ಮುಗಿಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಎತ್ತು ಮಾರಿದಾಗ ಅದರ ಹಗ್ಗಕ್ಕೆ ಒಂದು ಹಿಡಿ ಹಸಿ ಗರಿಕೆ ಸೇರಿಸಿ ಎರಡೂ ಕೈಯಲ್ಲಿ ಕೊಡುವುದು ನಮ್ಮ ಮನೆಯ ರೂಢಿ. ಅಪ್ಪ ಕೀಲಿಯನ್ನು ಒಂದು ಹಗ್ಗಕ್ಕೆ ಕಟ್ಟಿ, ಬಾವಿಕಟ್ಟೆಯ ಗರಿಕೆ ಕಿತ್ತು ತಂದು, ಹಾಗೆಯೇ ಕೊಟ್ಟರು. ದೊಡ್ಡಪ್ಪ ಜಗಲಿಯ ಮೇಲೆ ಕೂತು ನೋಡುತ್ತಿದ್ದರು.

ಎಳೆದುಕೊಂಡು ಹೋಗಲು ಬಂದಿದ್ದ ಟ್ರ್ಯಾಕ್ಟರು ಬೀದಿಯಲ್ಲಿ ಗುಡುಗುಡು ಅನ್ನುತ್ತಿತ್ತು. ಮೇಸ್ತ್ರಿ ಅದನ್ನು ಬಂದ್ ಮಾಡಿಸಿದರು. ಕೊಟ್ಟಿಗೆಯಲ್ಲಿ ನಿಂತಿದ್ದ ಕಾರಿನ ಸುತ್ತ ಒಂದು ಸುತ್ತು ಬಂದು, ಯಾವಾಗಿಂದ ಹೀಗೆ, ಅದಕ್ಕೂ ಮುಂಚೆ ಗಾಡಿಗೆ ಏನಾದರೂ ಮಾಡಿದಿರಾ ಎಂದು ಕೇಳಿದರು. ಏನೂ ಮಾಡಿಲ್ಲ ಎಂದರು ಅಪ್ಪ.

ಬಾಗಿಲಲ್ಲಿ ನಿಂತಿದ್ದ ಅಕ್ಕ ಮೆಲ್ಲಗೆ, "ಬಣ್ಣ ಹಚ್ಚಿದ್ರಲ್ಲಪ್ಪ" ಅಂದಳು.

ಮೇಸ್ತ್ರಿ ಕೀಲಿಯನ್ನು ಹಗ್ಗದಿಂದ ಬಿಚ್ಚಿ, ಅವಳನ್ನೇ ಕರೆದು ಕೊಟ್ಟು ಸ್ಟೀರಿಂಗ್ ಹಿಂದೆ ಕೂರಿಸಿದರು. ಹೆಡ್‌ಲೈಟ್ ಹಾಕಿಸಿದರು. ಕತ್ತಲ ಕೊಟ್ಟಿಗೆಯ ಗೋಡೆಯ ಮೇಲೆ ಎರಡು ತುಂಡು ಬೆಳದಿಂಗಳು ಬಿದ್ದ ಹಾಗಾಯಿತು. ಈಗ ಕೀಲಿ ತಿರುಗಿಸು, ಬೆಳಕು ಏನಾಗುತ್ತೆ ನೋಡೋಣ ಎಂದರು. ಅಕ್ಕ ತಿರುಗಿಸಿದಳು. 'ಟಕ್.' ಬೆಳಕು ಮಂಕಾಗಲೇ ಇಲ್ಲ, ಹಾಗೇ ಉರಿಯಿತು. ಬ್ಯಾಟರಿ ಸೋತಿದ್ದರೆ ಮಂಕಾಗಬೇಕಿತ್ತು, ಮೋಟಾರು ಕರೆಂಟು ಎಳೆದರೂ ಅಷ್ಟಿಷ್ಟು ಮಂಕಾಗಬೇಕಿತ್ತು, ಅಂದರೆ ಕರೆಂಟು ದಾರಿಯಲ್ಲೇ ಎಲ್ಲೋ ನಿಂತಿದೆ ಎಂದು ಅವರು ತಮ್ಮಷ್ಟಕ್ಕೇ ಲೆಕ್ಕ ಹಾಕಿದರು. ಒಂದು ದಪ್ಪ ತಂತಿ ತಂದು, ಒಂದು ತುದಿಯನ್ನು ಬ್ಯಾಟರಿಗೆ, ಇನ್ನೊಂದನ್ನು ಎಂಜಿನ್ನಿನ ಬರೀ ಕಬ್ಬಿಣಕ್ಕೆ ಒತ್ತಿ ಹಿಡಿದರು.

"ಈಗ ತಿರುಗ್ಸಮ್ಮ."

ಕಾರು ಗುರ್ರೆಂದು ಎದ್ದಿತು. ಕೊಟ್ಟಿಗೆಯ ಹೆಂಚಿನಿಂದ ಧೂಳು ಉದುರಿತು. ಪೆಟ್ರೋಲಿನ ಘಾಟು ಮೂಗಿಗೆ ಬಂತು. ಅಕ್ಕ ಸ್ಟೀರಿಂಗ್ ಹಿಡಿದುಕೊಂಡೇ ನಗುತ್ತಿದ್ದಳು. ಅವಳು ಅಷ್ಟು ಬಾಯ್ತುಂಬ ನಕ್ಕಿದ್ದನ್ನು ನಾನು ನೋಡಿದ್ದೇ ಕಡಿಮೆ.

ಮೇಸ್ತ್ರಿ ಎಂಜಿನ್ನಿನಿಂದ ತಗಡಿಗೆ ಬರುವ ಒಂದು ಹೆಣೆದ ಪಟ್ಟಿಯನ್ನು ತೋರಿಸಿದರು. ಕರೆಂಟು ವಾಪಸ್ಸು ಬರುವ ದಾರಿ ಅದು, ಬರೀ ತಗಡಿಗೆ ತಾಗಿದ್ದರೆ ಮಾತ್ರ ಹರಿಯುತ್ತದೆ. ಬೋಲ್ಟ್ ಬಿಚ್ಚಿದರೆ ಕೆಳಗೆ ಅಪ್ಪ ಬಳಿದ ಕಪ್ಪು ಬಣ್ಣ, ದಪ್ಪಗೆ, ನುಣ್ಣಗೆ ಕೂತಿತ್ತು. ಸ್ಕ್ರೂಡ್ರೈವರಿನಿಂದ ಒಂದು ನಾಣ್ಯದಗಲ ಕೆರೆದು, ಪಟ್ಟಿಯನ್ನು ಮತ್ತೆ ಬಿಗಿದರು. ಆಮೇಲೆ ಕೀಲಿ ತಿರುಗಿಸಿದಾಗಲೆಲ್ಲ ಕಾರು ಸ್ಟಾರ್ಟ್ ಆಯಿತು.

ಅವರು ಒಳ್ಳೆಯ ಮನುಷ್ಯ. ಕೀಲಿಯನ್ನು ಕಾರಿನಲ್ಲೇ ಬಿಟ್ಟು, ಹಗ್ಗ, ಗರಿಕೆ ಎರಡನ್ನೂ ಅಪ್ಪನ ಮುಂದೆ ಹಿಡಿದರು. "ಗಾಡಿ ಚೊಕ್ಕ ಐತೆ ಯಜಮಾನ್ರೆ. ಇಟ್ಕೊಳ್ರಿ. ನಾನು ಬಂದೇ ಇಲ್ಲ ಅಂದ್ಕೊಳ್ರಿ."

ಅಪ್ಪ ದೊಡ್ಡಪ್ಪನ ಕಡೆ ನೋಡಿದರು. ದೊಡ್ಡಪ್ಪ ಎಲೆ ಅಗಿಯುವುದನ್ನು ನಿಲ್ಲಿಸಿದ್ದರು. ಅಕ್ಕ ಇನ್ನೂ ಕಾರಿನೊಳಗೇ ಇದ್ದಳು. ಅಪ್ಪ ಅವಳತ್ತ ಮಾತ್ರ ನೋಡಲಿಲ್ಲ.

"ಹಗ್ಗ ಕೊಟ್ಟಾತ್ರೀ" ಅಂದರು. "ಕೊಟ್ಟ ಮ್ಯಾಲೆ ಎತ್ತು ಎದ್ದು ನಿಂತ್ರೂ ನಿಮ್ದೇ."

ಮೇಸ್ತ್ರಿ ಇನ್ನೊಮ್ಮೆ ಕೇಳಿದರು, ಹೆಣ್ಣುಮಕ್ಕಳಿರುವ ಮನೆ, ಹಟ ಬೇಡ ಎಂದೂ ಹೇಳಿದರು. ಅಪ್ಪ ತಲೆ ಅಲ್ಲಾಡಿಸಿದರು. ಸಂತೆಯಲ್ಲಿ ಕೊಟ್ಟ ಹಗ್ಗ ವಾಪಸ್ಸು ಪಡೆದವರ ಮನೆಯ ಹೆಸರನ್ನು ಜನ ಮೂರು ತಲೆಮಾರು ಆಡಿಕೊಳ್ಳುತ್ತಿದ್ದರು. ಅಪ್ಪನ ಹತ್ತಿರ ಆಗ ಉಳಿದಿದ್ದದ್ದು ಆ ಹೆಸರೊಂದೇ. ಅಕ್ಕ ಕೀಲಿಗೆ ಕೈ ಹಚ್ಚದೆ, ಎಂಜಿನ್ನು ಗುರ್ರೆನ್ನುತ್ತಿದ್ದ ಕಾರಿನಿಂದ ಹಾಗೇ ಕೆಳಗಿಳಿದು ಒಳಗೆ ಹೋದಳು. ಟ್ರ್ಯಾಕ್ಟರು ಖಾಲಿ ಹೋಯಿತು. ಅದರ ಹಿಂದೆ ನಮ್ಮ ಕಾರು ತನ್ನ ಕಾಲ ಮೇಲೆ ತಾನೇ ಸೊರಬದ ರಸ್ತೆ ಹಿಡಿಯಿತು. ಅಪ್ಪ ಕೊಟ್ಟಿಗೆಯಲ್ಲಿ ಕುಕ್ಕರುಗಾಲಲ್ಲಿ ಕೂತು, ಕೆರೆದು ಬಿದ್ದಿದ್ದ ಬಣ್ಣದ ಚೂರುಗಳನ್ನು ಬೆರಳಿಂದ ಗುಡ್ಡೆ ಮಾಡುತ್ತಿದ್ದರು. ನಾನು ಹೋಗಿ ಪಕ್ಕದಲ್ಲಿ ಕೂತೆ.

ಗಾಡಿ ಹೋದದ್ದರಿಂದ ಅಕ್ಕನ ಕಾಲೇಜಿನ ಮಾತೂ ನಿಂತಿತು. ಕಾರಿನ ದುಡ್ಡು ಮರುವರ್ಷ ಅವಳ ಮದುವೆಗಾಯಿತು. ಅವಳು ಕುಪ್ಪಗಡ್ಡೆಯ ಗಂಡನ ಮನೆಗೆ ಹೋದಳು. ಮುಂದೆ ನನ್ನ ಹತ್ತನೇ ತರಗತಿ ಮುಗಿದಾಗ ದೊಡ್ಡಪ್ಪ ಅದೇ ಮಾತು ತೆಗೆದರು. ಆವತ್ತು ಅಕ್ಕ ಕಂಕುಳಲ್ಲಿ ನಿಮ್ಮಮ್ಮನನ್ನು ಎತ್ತಿಕೊಂಡು ಬಂದಿದ್ದಳು. "ನಂದು ನಿಂತಿದ್ದಕ್ಕೆ ನಾನು ಯಾರ್ನೂ ಕೇಳ್ಲಿಲ್ಲ ದೊಡ್ಡಪ್ಪ. ಇವ್ಳದ್ದು ನಿಲ್ಸಿದ್ರೆ ಕೇಳ್ತೀನಿ" ಅಂದಳು. ದೊಡ್ಡಪ್ಪ ಎಲೆ, ಸುಣ್ಣ ಎತ್ತಿಕೊಂಡು ಎದ್ದು ಹೋದರು. ನನ್ನ ಓದಿಗೆಂದು ಅಕ್ಕ ಬಟ್ಟೆ ಹೊಲಿದಳು, ಅಪ್ಪ ಬೇರೆಯವರ ಗಾಡಿ ಓಡಿಸಿದರು, ನಾನು ಹಾಸ್ಟೆಲಿನ ನೀರು ಸಾರು ಉಂಡು ಓದಿದೆ. ಎಂಜಿನಿಯರಿಂಗ್ ಪದವಿ ಸುಮ್ಮನೆ ಬಂದದ್ದಲ್ಲ ಮಕ್ಕಳೇ, ಅದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯೂ ಇಲ್ಲ.

ಈಗ ನಿಮ್ಮ ಮನೆಯ ಕಾರು ನಿಂತರೆ ಎದುರಿನ ಹಲಗೆಯಲ್ಲಿ ಕೆಂಪು ದೀಪ ಹತ್ತುತ್ತದೆ. ಒಂದು ಸಣ್ಣ ಯಂತ್ರ ಚುಚ್ಚಿದರೆ ತೊಂದರೆ ಯಾವ ಕಡೆ ಎಂದು ಸುಳಿವು ಕೊಡುತ್ತದೆ. ಕಾಲೇಜಿಗೆ ಹೋಗುತ್ತೀರಾ ಎಂದು ನಿಮ್ಮನ್ನು ಯಾರೂ ಕೇಳುವುದಿಲ್ಲ, ಯಾವ ಕಾಲೇಜಿಗೆ ಎಂದು ಕೇಳುತ್ತಾರೆ. ಹಾಗೇ ಇರಲಿ. ಆದರೆ ಈ ಒಂದು ಪ್ರಶ್ನೆ ನಿಮ್ಮ ಅಜ್ಜಿಗೆ ಎಷ್ಟು ದೂರವಿತ್ತು ಎಂದು ನಿಮಗೆ ಗೊತ್ತಿರಬೇಕು.

ಪದವಿಯ ಸರ್ಟಿಫಿಕೇಟು ಕೈಗೆ ಬಂದ ದಿನ ನಾನು ನೇರ ಕುಪ್ಪಗಡ್ಡೆಯ ಬಸ್ಸು ಹತ್ತಿದೆ. ಅಕ್ಕ ರೊಟ್ಟಿ ತಟ್ಟುತ್ತಿದ್ದಳು. ಎದ್ದು ಹೋಗಿ ಕೈ ತೊಳೆದು, ಒರೆಸಿಕೊಂಡು, ಒದ್ದೆ ಉಳಿದಿದೆಯೇನೋ ಎಂದು ಮತ್ತೆ ಒರೆಸಿಕೊಂಡು ಬಂದಳು. ಕೊಟ್ಟೆ. ನನ್ನ ಹೆಸರಿನ ಮೇಲೆ ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. ಒಲೆಯ ಮೇಲೆ ರೊಟ್ಟಿ ಸೀಯುತ್ತಿತ್ತು.

"ನಂದೂ ಇಂಥದ್ದೇ ಇರ್ತಿತ್ತೇನೇ?" ಅಂದಳು.